ಟೀಚರಮ್ಮನ ಗಂಟಲು

ಗದ್ದದ ಎಡಭಾಗದಲ್ಲಿ, ತುಟಿಯಿಂದ ಎರಡು ಬೆರಳು ಕೆಳಗೆ, ಒಂದು ಪೇಪರ್ ಚೂರು ಅಂಟಿಕೊಂಡಿತ್ತು. ಕಡಲೆಬೀಜದಷ್ಟು ಅಗಲ. ನಡುವೆ ಕೆಂಪು ಚುಕ್ಕೆಯೊಂದು ಮೂಡಿ ನಿಧಾನವಾಗಿ ಹರಡುತ್ತಿತ್ತು. ಕ್ಷೌರ ಮಾಡಿಕೊಳ್ಳುವಾಗ ಬ್ಲೇಡು ತಗುಲಿದರೆ ನಮ್ಮಪ್ಪ ಹೀಗೆ ಪೇಪರ್ ಹರಿದು ಅಂಟಿಸಿಕೊಳ್ಳುತ್ತಿದ್ದರು. ಆದರೆ ಅಂದು ಬೆಳಿಗ್ಗೆ ನಾನದನ್ನು ನೋಡಿದ್ದು ಒಬ್ಬ ಹೆಂಗಸಿನ ಮುಖದಲ್ಲಿ. ಇಸ್ತ್ರಿ ಮಾಡಿದ ಹಸಿರು ಸೀರೆ, ಸೆರಗಿನ ತುದಿಗೆ ಗಂಟು ಹಾಕಿದ ಬೀಗದ ಕೈ, ಕಂಕುಳಲ್ಲಿ ಹಾಜರಿ ಪುಸ್ತಕ. ನಮ್ಮೂರ ಅಂಗನವಾಡಿಯ ಟೀಚರಮ್ಮ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕರೆದುಕೊಳ್ಳುತ್ತಿದ್ದರು.

ನಾನು ಅಣ್ಣನ ಮಗಳನ್ನು ಬಿಡಲು ಹೋಗಿದ್ದೆ. ಮೂರು ವರ್ಷದ ಆ ಕೂಸು ಬೆರಳು ತೋರಿಸಿ, "ಮಿಸ್, ಪೇಪರು" ಎಂದಿತು. ಟೀಚರಮ್ಮ ಗದ್ದ ಮುಟ್ಟಿ ನೋಡಿಕೊಂಡು, ಚೂರನ್ನು ಕಿತ್ತು ಮುಷ್ಟಿಯೊಳಗೆ ಇಟ್ಟುಕೊಂಡರು. ಬಿಸಿಲು ನೇರವಾಗಿ ಅವರ ಕೆನ್ನೆಯ ಮೇಲೆ ಬಿದ್ದಿತ್ತು. ಕಿವಿಯಿಂದ ಗದ್ದದವರೆಗೂ ಚರ್ಮದ ಅಡಿಯಲ್ಲಿ ಬೂದು ಬಣ್ಣ. ನಾನು ನೋಡಿದ್ದನ್ನು ಅವರು ನೋಡಿದರು. ಮಗುವಿನ ಕೈ ಹಿಡಿದು ಒಳಗೆ ಕರೆದುಕೊಂಡರು. ಆ ದಿನಗಳಲ್ಲಿ ಅವರು ಮಾತಾಡುವುದನ್ನೇ ಬಿಡತೊಡಗಿದ್ದರು.

ಇದು ಹದಿನಾಲ್ಕು ವರ್ಷದ ಹಿಂದಿನ ಮಾತು. ನನಗಾಗ ಹತ್ತೊಂಬತ್ತು. ಅವರಿಗೆ ಐವತ್ತೆರಡು ಇದ್ದಿರಬೇಕು.

ಸ್ಕಂದಗಿರಿಯ ಬುಡದಲ್ಲಿ, ಕಳವಾರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಚಳಿಗಾಲದಲ್ಲಿ ಬೆಳಿಗ್ಗೆ ಒಂಬತ್ತಾದರೂ ಮಂಜು ಬಿಡುವುದಿಲ್ಲ. ಎದುರಿಗೆ ಬರುವವರ ಮಾತು ಮೊದಲು ಕೇಳಿಸುತ್ತದೆ, ಮುಖ ಆಮೇಲೆ ಕಾಣಿಸುತ್ತದೆ. ಹಾಗಾಗಿ ನಮ್ಮೂರಲ್ಲಿ ಎಲ್ಲರಿಗೂ ಎಲ್ಲರ ಗಂಟಲೂ ಗೊತ್ತು. ಟೀಚರಮ್ಮನದು ತೆಳ್ಳನೆಯ, ಏರುದನಿಯ ಗಂಟಲು. ಅವರು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟರೆ ಹಾಲಿನ ಡೇರಿಯ ಹತ್ತಿರ ಕ್ಯಾನು ಹಿಡಿದು ನಿಂತವರಿಗೂ ಪದ ಪದವೂ ಕೇಳಿಸುತ್ತಿತ್ತು. ನಾನೂ ಅವರ ಹತ್ತಿರವೇ ಅ ಆ ಇ ಈ ಕಲಿತವಳು. ನಮ್ಮಿಬ್ಬರ ಮನೆಗೂ ಗೋಡೆ ಒಂದೇ. ನಡುವೆ ಒಂದು ಸಣ್ಣ ಗೂಡು ಕಿಟಕಿ. ಅದರಿಂದಲೇ ಸಾರು, ಪಲ್ಯ, ಹೆಪ್ಪಿಗೆ ಮಜ್ಜಿಗೆ ಅತ್ತಿತ್ತ ಹೋಗಿ ಬರುತ್ತಿದ್ದವು.

ಅವರಿಗೊಂದು ಮಾತಿತ್ತು. ಹಲ್ಲಿ ಕಂಡು ಕಿರುಚುವ ಮಗುವಿಗೂ, ತೂಕದ ಯಂತ್ರ ಹತ್ತಲು ಒಲ್ಲೆನೆಂದು ಅಳುವ ಮಗುವಿಗೂ ಅದೇ ಮಾತು: "ಹತ್ರ ಹೋಗಿ ನೋಡಪ್ಪ. ನೋಡ್ಬಿಟ್ಟು ಆಮೇಲೆ ಹೆದರ್ಕೊ." ಕೈ ಹಿಡಿದು ಕರೆದುಕೊಂಡೇ ಹೋಗುತ್ತಿದ್ದರು. ಬೇಯಿಸಿದ ಮೊಟ್ಟೆಯನ್ನು ತಾವೇ ಸುಲಿದು, ಪ್ರತಿ ಮಗುವಿನ ಅಂಗೈಯಲ್ಲಿ ಇಟ್ಟು, ಅದು ಅಲ್ಲೇ ತಿಂದು ಬಾಯಿ ತೆರೆದು ತೋರಿಸುವವರೆಗೆ ಬಿಡುತ್ತಿರಲಿಲ್ಲ.

ಅವರ ಯಜಮಾನರು ತೀರಿಕೊಂಡು ಆಗ ಏಳು ವರ್ಷವಾಗಿತ್ತು. ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ತಗ್ಗಿದ, ಸ್ವಲ್ಪ ಒಡಕಾದ ದನಿ ಅವರದು. ಏನು ಹೇಳಬೇಕಾದರೂ ಮೊದಲು ಎರಡು ಸಲ ಕೆಮ್ಮುತ್ತಿದ್ದರು. ಒಬ್ಬಳೇ ಮಗಳು ಗೌರಿಬಿದನೂರಿಗೆ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಉಳಿದವರು ಟೀಚರಮ್ಮ ಮತ್ತು ಅವರ ಅತ್ತೆ. ಅಜ್ಜಿಗೆ ಎರಡೂ ಕಣ್ಣು ಹೋಗಿದ್ದವು. ಮಗ ಹೋದ ಮೇಲೆ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಸೊಸೆ ಬಾಯಿಗಿಟ್ಟರೆ ಎರಡು ತುತ್ತು ನುಂಗುವಳು, ಇಲ್ಲವಾದರೆ ಇಲ್ಲ. ಮಾತು ಪೂರ್ತಿ ನಿಂತೇಹೋಗಿತ್ತು.

ಆ ವರ್ಷ ಕಾರ್ತಿಕದಲ್ಲಿ ಟೀಚರಮ್ಮನ ಗಂಟಲು ಕಟ್ಟಿತು. ನೆಗಡಿ ಎಂದುಕೊಂಡರು. ಮೆಣಸಿನ ಕಷಾಯ, ಉಪ್ಪುನೀರಿನ ಮುಕ್ಕಳಿಕೆ, ಎಲ್ಲ ಆಯಿತು. ಸಂಕ್ರಾಂತಿಯ ಹೊತ್ತಿಗೆ ದನಿ ಬಿಟ್ಟುಕೊಂಡಿತು, ಆದರೆ ಹಳೆಯ ದನಿ ಬರಲಿಲ್ಲ. ಮೊದಲಿಗಿಂತ ಒಂದಷ್ಟು ಕೆಳಗೆ ಇಳಿದಿತ್ತು. ವಾರ ವಾರವೂ ಇನ್ನೂ ಇಳಿಯುತ್ತಾ ಹೋಯಿತು, ಯಾರೋ ಬಾವಿಯ ಮೆಟ್ಟಿಲು ಇಳಿದು ಹೋಗುತ್ತಾ ಮಾತಾಡುತ್ತಿರುವ ಹಾಗೆ. ಹಣೆಯ ಎರಡೂ ಕಡೆ ಕೂದಲು ಹಿಂದೆ ಸರಿಯಿತು. ಮುಂಗೈ ಗಟ್ಟಿಯಾಯಿತು. ಇಬ್ಬರು ಸೇರಿ ಎತ್ತುತ್ತಿದ್ದ ಅಕ್ಕಿ ಮೂಟೆಯನ್ನು ಒಬ್ಬರೇ ಎತ್ತಿ ಇಡುವುದನ್ನು ನಾನೇ ನೋಡಿದೆ. ಎತ್ತಿದ ಮೇಲೆ ಅವರೂ ತಮ್ಮ ಕೈ ನೋಡಿಕೊಂಡರು.

ಊರಿಗೆಲ್ಲ ಗೊತ್ತಾಗಿದ್ದು ದ್ರಾಕ್ಷಿ ಕೊಯ್ಲಿನ ದಿನ. ಕಾಲೇಜಿಗೆ ರಜೆ ಇದ್ದುದರಿಂದ ನಾನೂ ಕತ್ತರಿ ಹಿಡಿದು ಅವರ ತೋಟಕ್ಕೆ ಹೋಗಿದ್ದೆ. ನಾವು ಎಂಟು ಜನ ಹೆಂಗಸರು. ಚಪ್ಪರದ ಕೆಳಗೆ ಮಟಮಟ ಮಧ್ಯಾಹ್ನದಲ್ಲೂ ಮಂದ ಹಸಿರು ಬೆಳಕು. ಎಲೆ, ಗೊಂಚಲು ಇಳಿಬಿದ್ದು ಪಕ್ಕದ ಸಾಲಿನಲ್ಲಿ ಇರುವವರ ಮುಖ ಕಾಣುವುದಿಲ್ಲ. ಬಗ್ಗಿ ನೋಡಿದರೆ ಕಾಲು ಮಾತ್ರ ಕಾಣುತ್ತವೆ. ಯಾರೋ ಏನೋ ಹೇಳಿ ಎಲ್ಲರೂ ನಗುತ್ತಿದ್ದೆವು. ಆಗ ತೋಟದ ಆ ತುದಿಯಿಂದ ಎರಡು ಸಲ ಕೆಮ್ಮಿದ ಸದ್ದು ಕೇಳಿತು.

ನಗು ನಿಂತಿತು.

"ಕತ್ತರಿ ಇಡ್ರಮ್ಮ, ಸಾಕು. ಊಟಕ್ಕೆ ಬನ್ನಿ."

ಏಳು ವರ್ಷದ ಹಿಂದೆ ಅದೇ ತೋಟದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಮಾತನ್ನು ಹೇಳುತ್ತಿದ್ದ ದನಿ ಅದು. ನನ್ನ ಪಕ್ಕದಲ್ಲಿದ್ದವಳ ಕೈಯಿಂದ ಗೊಂಚಲು ಜಾರಿ ಬಿತ್ತು. "ಅಯ್ಯಪ್ಪಾ, ಯಜಮಾನ್ರು" ಎಂದು ಆಕೆ ಪಿಸುಗುಟ್ಟಿದ್ದೇ ತಡ, ಎಲ್ಲರೂ ಕ್ರೇಟುಗಳನ್ನು ಒದ್ದುಕೊಂಡು ರಸ್ತೆ ಕಡೆ ಓಡಿದರು. ನಾನು ಓಡದೆ ಅಲ್ಲೇ ಕೂತೆ. ಕೂತಲ್ಲಿಂದಲೇ ಬಗ್ಗಿ ನೋಡಿದೆ. ಸಾಲುಗಳಾಚೆ ಎರಡು ಕಾಲು ನಿಧಾನವಾಗಿ ನನ್ನ ಕಡೆ ಬರುತ್ತಿದ್ದವು. ಹಸಿರು ಸೀರೆಯ ಅಂಚು, ಬೆಳ್ಳಿಯ ಕಾಲುಂಗುರ ತೆಗೆದ ಜಾಗದಲ್ಲಿ ಬಿಳಿ ಗುರುತು. ಅವರೂ ಬಗ್ಗಿದರು. ಎಲೆಗಳ ಕೆಳಗಿನಿಂದ ಟೀಚರಮ್ಮನ ಮುಖ ಕಾಣಿಸಿತು.

"ಯಾಕಮ್ಮ ಎಲ್ಲ ಓಡೋದ್ರು?" ಎಂದು ಅವರು ತೀರಿಹೋದ ಗಂಡನ ದನಿಯಲ್ಲಿ ಕೇಳಿದರು.

ಮೂವತ್ತು ವರ್ಷ ಒಟ್ಟಿಗೆ ಬಾಳಿದವರ ಮಾತಿನ ಧಾಟಿ ಒಂದೇ ಆಗಿರುತ್ತದೆ, ಪದಗಳು ಒಂದೇ ಆಗಿರುತ್ತವೆ, ಬೇರೆಯಾಗಿದ್ದದ್ದು ಗಂಟಲು ಮಾತ್ರ ಎಂದು ಇವತ್ತು ನಾನು ಸಲೀಸಾಗಿ ಹೇಳಬಲ್ಲೆ. ಅಂದು ಹೇಳಲಾರದೆ ಹೋದೆ. ನಾನೂ ಎದ್ದು ಓಡಿದೆ.

ಚಿಂತಾಮಣಿ ಕಡೆಯಿಂದ ಶಾಸ್ತ್ರ ಹೇಳುವವನೊಬ್ಬನನ್ನು ಊರವರು ಕರೆಸಿದರು. "ಏಳು ವರ್ಷ ಕಾದವ್ನೆ. ಈಗ ಹೆಂಡ್ತಿ ಮೈನೇ ಮನೆ ಮಾಡ್ಕೊಂಡವ್ನೆ" ಎಂದು ಅವನು ಅಂದ. ಟೀಚರಮ್ಮನ ಮನೆಯ ನಾಲ್ಕು ಮೂಲೆಗೂ ಮಂತ್ರಿಸಿದ ನಿಂಬೆಹಣ್ಣು ಇಡಿಸಿದ. ಅಂಗನವಾಡಿಗೆ ಬರುತ್ತಿದ್ದ ಇಪ್ಪತ್ತೆರಡು ಮಕ್ಕಳಲ್ಲಿ ಒಂಬತ್ತು ಉಳಿದವು. ನಮ್ಮಣ್ಣನ ಮಗಳನ್ನು ನಾನಿನ್ನೂ ಕರೆದುಕೊಂಡು ಹೋಗುತ್ತಿದ್ದೆ, ಆದರೆ ಬಾಗಿಲಿನ ಹೊರಗೇ ಬಿಟ್ಟು ಬರುತ್ತಿದ್ದೆ. ಟೀಚರಮ್ಮ ಬಾಯಿ ಬಿಟ್ಟರೆ ಮಕ್ಕಳು ಅವರನ್ನು ಬಿಟ್ಟು ಹಿಂದೆ ಯಾರಿದ್ದಾರೆ ಎಂದು ಹುಡುಕುತ್ತಿದ್ದವು. ಮಕ್ಕಳು ಹೆದರಿಕೊಳ್ಳುತ್ತಿವೆ, ಬೇರೆಯವರನ್ನು ಹಾಕಿ ಎಂದು ಸೂಪರ್‌ವೈಸರಿಗೆ ಒಂದು ಅರ್ಜಿ ಹೋಯಿತು. ಅದರಲ್ಲಿ ನಮ್ಮಮ್ಮನ ಸಹಿಯೂ ಇತ್ತು.

ಹೆದರದೆ ಇದ್ದದ್ದು ಅಜ್ಜಿಯೊಬ್ಬಳೇ. ಸೊಸೆಯ ದನಿ ಪೂರ್ತಿ ಇಳಿದ ಮೇಲೆ ಒಂದು ಬೆಳಿಗ್ಗೆ ಆಕೆ ಗೋಡೆಯಿಂದ ಈಚೆಗೆ ತಿರುಗಿ ಕೂತಳಂತೆ. "ನಾ ಕೊಡುಕು ವಚ್ಚಿನಾಡು" ಎಂದಳಂತೆ, ತನ್ನ ತವರಿನ ತೆಲುಗಿನಲ್ಲಿ. ನನ್ನ ಮಗ ಬಂದ ಎಂದು. ಅಂದಿನಿಂದ ಹೊತ್ತು ಹೊತ್ತಿಗೆ ಊಟ ಕೇಳತೊಡಗಿದಳು. ತಲೆ ಬಾಚಿಸಿಕೊಂಡು ಹೊಸ್ತಿಲ ಮೇಲೆ ಕೂರತೊಡಗಿದಳು. ಏಳು ವರ್ಷದಿಂದ ಕೇಳದಿದ್ದ ಆಕೆಯ ಮಾತು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. "ಉಂಡ್ಯೇನಪ್ಪ? ತೋಟಕ್ಕೆ ನೀರ್ ಬಿಟ್ಯಾ?" ಆಮೇಲೆ ಎರಡು ಸಲ ಕೆಮ್ಮು. ಆಮೇಲೆ ಅಜ್ಜಿಯ ನಗು. ಉತ್ತರ ಮಾತ್ರ ಎಂದೂ ಕೇಳಿಸುತ್ತಿರಲಿಲ್ಲ. ನಮ್ಮಮ್ಮ ಆ ಗೂಡು ಕಿಟಕಿಗೆ ಹಳೆಯ ಸೀರೆ ತುರುಕಿ ಮುಚ್ಚಿದಳು.

ಮುಚ್ಚಿದ್ದಕ್ಕೆ ಕಾರಣ ನಾನು.

ಹದಿನಾರರಿಂದಲೇ ನನ್ನ ಗದ್ದದ ಮೇಲೆ ಕೂದಲು ಬರುತ್ತಿತ್ತು. ಮುಟ್ಟು ನಾಲ್ಕು ತಿಂಗಳು, ಐದು ತಿಂಗಳು ಆದರೂ ಆಗುತ್ತಿರಲಿಲ್ಲ. ಅಮ್ಮ ಕಸ್ತೂರಿ ಅರಿಶಿನ ತೇಯ್ದು ಹಚ್ಚುವಳು, ಯಾರಿಗೂ ಹೇಳಬೇಡ ಎನ್ನುವಳು. ಆ ಫಾಲ್ಗುಣದಲ್ಲಿ ಶಿಡ್ಲಘಟ್ಟದಿಂದ ರೇಷ್ಮೆ ನೂಲು ತೆಗೆಯುವ ಮನೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ತಾಯಿ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿನ ಕಡೆ ತಿರುಗಿಸಿದರು, ರೇಷ್ಮೆಗೂಡು ಚೆನ್ನಾಗಿದೆಯೋ ಇಲ್ಲವೋ ನೋಡುವ ಹಾಗೆ. ಮತ್ತೆ ಬರಲಿಲ್ಲ. ಅಮ್ಮ ಹೋಗಿ ಶಾಸ್ತ್ರದವನನ್ನು ಕೇಳಿದಳು. "ಗೋಡೆ ಒಂದೇ ಅಲ್ವೇನಮ್ಮ? ದಾಟಿರ್ಬೋದು" ಅಂದನಂತೆ. ನನ್ನ ಕೂದಲು ಟೀಚರಮ್ಮನದಕ್ಕಿಂತ ಮೂರು ವರ್ಷ ಹಳೆಯದು ಎಂದು ನಾನು ಅಮ್ಮನಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಅನುಮಾನವಿತ್ತು. ಬೆಳಿಗ್ಗೆ ಗೋಡೆಯಾಚೆ ಕೆಮ್ಮು ಕೇಳಿದರೆ ನನ್ನ ಗಂಟಲಿನ ಮೇಲೆ ಕೈ ಇಟ್ಟುಕೊಂಡು, ಮೆಲ್ಲಗೆ ನನ್ನ ಹೆಸರನ್ನೇ ಹೇಳಿ ನೋಡುತ್ತಿದ್ದೆ, ದನಿ ಇನ್ನೂ ನನ್ನದೇನಾ ಎಂದು.

ಒಂದು ಬೆಳಿಗ್ಗೆ ಎಲ್ಲರೂ ತೋಟಕ್ಕೆ ಹೋಗಿದ್ದಾಗ ಹಿತ್ತಿಲಿನ ಕಲ್ಲಿನ ಮೇಲೆ ಕನ್ನಡಿ ಇಟ್ಟುಕೊಂಡು, ಅಪ್ಪನ ಬ್ಲೇಡಿನಿಂದ ಗದ್ದ ಹೆರೆದುಕೊಳ್ಳುತ್ತಿದ್ದೆ. ಬೆನ್ನ ಹಿಂದಿನಿಂದ ಗಂಡಸಿನ ದನಿ ಬಂತು.

"ಕೆಳಗಿಂದ ಮೇಲಕ್ಕೆ ಎಳೀಬೇಡ ಕಣಮ್ಮ. ಕುಯ್ಯುತ್ತೆ."

ಕನ್ನಡಿ ಬಿದ್ದು ಎರಡು ಹೋಳಾಯಿತು. ಹಿತ್ತಿಲಿನ ಮೋಟು ಗೋಡೆಯ ಆಚೆ ಟೀಚರಮ್ಮ ನಿಂತಿದ್ದರು. ನಾನು ಬಾಯಿ ಮುಚ್ಚಿಕೊಂಡು ಅಳತೊಡಗಿದೆ. ಅವರು ಗೋಡೆಯ ಮೇಲಿಂದ ಕೈ ಚಾಚಿ ಬ್ಲೇಡು ತೆಗೆದುಕೊಂಡರು.

"ನಿಂಗೂನಾ? ಎಷ್ಟು ದಿನದಿಂದ?"

ಹೇಳಿದೆ. ಮೂರು ವರ್ಷದಿಂದ ಯಾರಿಗೂ ಹೇಳದಿದ್ದದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ ತಮ್ಮದನ್ನು ಹೇಳಿದರು.

"ನಂಗೇ ಹೆದ್ರಿಕೆ ಕಣೇ. ಮೊನ್ನೆ ಇಲ್ಲೇ ಬಾಯಿ ಮುಕ್ಕಳಿಸಿ ಕೆಮ್ಮಿದೆ. ಅವ್ರೇ ಹಿಂದೆ ನಿಂತ್ಕೊಂಡು ಕೆಮ್ಮಿದಂಗಾಯ್ತು. ತಿರುಗಿ ನೋಡ್ದೆ. ಯಾರೂ ಇಲ್ಲ. ಅಲ್ಲಿಂದೀಚೆಗೆ ದಿನಾ ತಿರುಗಿ ನೋಡ್ತೀನಿ." ಬ್ಲೇಡನ್ನು ಗೋಡೆಯ ಮೇಲೆ ಇಟ್ಟರು. "ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಹತ್ರ ಹೋಗಿ ನೋಡು, ಹತ್ರ ಹೋಗಿ ನೋಡು ಅಂತ ಹೇಳ್ತಿದ್ದೀನಿ. ನಾನು ಕನ್ನಡೀನೇ ನೋಡ್ತಿಲ್ಲ. ನಾಳೆ ಚಿಕ್ಕಬಳ್ಳಾಪುರಕ್ಕೆ ಹೋಗಣ. ನೀನೂ ಬಾ. ಮನೇಲಿ ಕಾಲೇಜು ಅಂತ ಹೇಳು."

ಮರುದಿನ ಬಸ್ಸಿನಲ್ಲಿ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದರು. ಕಂಡಕ್ಟರ್ ಬಂದು ಕೇಳಿದಾಗ, "ಚಿಕ್ಕಬಳ್ಳಾಪುರ, ಎರಡು" ಎಂದರು. ಅವನು ನಮ್ಮ ಹಿಂದಿನ ಸೀಟಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಟಿಕೆಟ್ ಹರಿದು ನನ್ನ ಕೈಗಿಟ್ಟು ಬೇಗ ಬೇಗ ಮುಂದೆ ಹೋದ.

ಡಾಕ್ಟರಮ್ಮ ವಯಸ್ಸಾದವರು. ಟೀಚರಮ್ಮ ಮಾತಾಡಿದಾಗ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ದನಿ ಯಾವಾಗ ಇಳಿಯಿತು, ಕೂದಲು ಯಾವಾಗ ಬಂತು, ಮುಟ್ಟು ನಿಂತು ಎಷ್ಟು ವರ್ಷವಾಯಿತು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ನನ್ನನ್ನೂ ಕೇಳಿದರು. ಇಬ್ಬರ ರಕ್ತವನ್ನೂ ತೆಗೆಸಿದರು, ಇಬ್ಬರಿಗೂ ಸ್ಕ್ಯಾನ್ ಮಾಡಿಸಿದರು. ಅಂದು ಲ್ಯಾಬಿನ ಹುಡುಗಿ ನನ್ನ ತೋಳಿನಿಂದ ತೆಗೆದ ರಕ್ತವನ್ನು ಸಣ್ಣ ಗಾಜಿನ ಟ್ಯೂಬಿಗೆ ತುಂಬಿ ಹೆಸರು ಬರೆಯುತ್ತಿದ್ದಾಗ, ಅವಳಿಗೆ ನನ್ನ ಬಗ್ಗೆ ಅಸಹ್ಯವೂ ಇಲ್ಲ, ಹೆದರಿಕೆಯೂ ಇಲ್ಲ ಎನ್ನುವುದನ್ನು ನೋಡುತ್ತಾ ಕೂತಿದ್ದೆ.

ವಾರ ಬಿಟ್ಟು ಹೋದಾಗ ಡಾಕ್ಟರಮ್ಮ ಎರಡು ರಿಪೋರ್ಟನ್ನೂ ಮೇಜಿನ ಮೇಲೆ ಹರಡಿದರು. "ಗಂಡಸರ ಹಾರ್ಮೋನು ಅಂತೀವಲ್ಲ, ಅದು ಎಲ್ಲ ಹೆಂಗಸರಲ್ಲೂ ಸ್ವಲ್ಪ ಇರುತ್ತೆ. ಅಂಡಾಶಯನೇ ಅದನ್ನ ಮಾಡುತ್ತೆ. ನಿಮ್ಮಿಬ್ಬರಲ್ಲೂ ಅದು ಜಾಸ್ತಿ ಮಾಡ್ತಿದೆ. ಆದ್ರೆ ಕಾರಣ ಬೇರೆ ಬೇರೆ." ನನ್ನ ಕಡೆ ತಿರುಗಿದರು. "ನಿಂದು ಪಿಸಿಓಡಿ, ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ. ನಿನ್ನ ವಯಸ್ಸಿನವರು ದಿನಾ ಒಬ್ಬರಾದ್ರೂ ಇಲ್ಲಿಗೆ ಬರ್ತಾರೆ. ನಿಧಾನಕ್ಕೆ ಬಂದಿದೆ, ನಿಧಾನಕ್ಕೆ ಹತೋಟಿಗೆ ತರಬಹುದು." ಆಮೇಲೆ ಟೀಚರಮ್ಮನಿಗೆ ಹೇಳಿದರು: "ನಿಮ್ಮದು ಆರು ತಿಂಗಳಲ್ಲಿ ಬಂದಿದೆ, ಅದೂ ಮುಟ್ಟು ನಿಂತ ಮೇಲೆ. ಎಡಗಡೆ ಅಂಡಾಶಯದಲ್ಲಿ ಒಂದು ಗಡ್ಡೆ ಇದೆ. ಅದೇ ಈ ಹಾರ್ಮೋನನ್ನ ಸುರೀತಿದೆ. ಗಂಡಸರಲ್ಲಿ ಇರೋವಷ್ಟು ಇದೆ ನಿಮ್ಮ ರಕ್ತದಲ್ಲಿ. ಗಡ್ಡೆ ತೆಗೀಬೇಕು. ತಡ ಮಾಡಬಾರದು."

ಟೀಚರಮ್ಮ ಮೇಜಿನ ಅಂಚು ಹಿಡಿದುಕೊಂಡಿದ್ದರು. "ಹಂಗಾದ್ರೆ ನಮ್ಮನೆಯವ್ರು ಅಲ್ಲ ಅಲ್ವಾ ಡಾಕ್ಟ್ರೇ?"

ಡಾಕ್ಟರಮ್ಮ ನಗಲಿಲ್ಲ. "ಅಲ್ಲ ಕಣಮ್ಮ. ನೀವೇ."

ಹೊರಗೆ ಬಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಟೀಚರಮ್ಮ ಅತ್ತರು. ಸಮಾಧಾನದಿಂದ ಅತ್ತರೋ ದುಃಖದಿಂದಲೋ ನನಗೆ ಗೊತ್ತಾಗಲಿಲ್ಲ. ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿರುವಂತೆ ಕೇಳಿಸುತ್ತಿತ್ತು. ಹೋಗುತ್ತಿದ್ದವರು ನಿಂತು ನೋಡಿದರು. ನಾನು ಪಕ್ಕದಲ್ಲೇ ಕೂತಿದ್ದೆ, ಎದ್ದು ಹೋಗಲಿಲ್ಲ. ದ್ರಾಕ್ಷಿ ತೋಟದಿಂದ ಓಡಿದ್ದಕ್ಕೆ ಅದೊಂದೇ ನಾನು ಮಾಡಿಕೊಂಡ ಪ್ರಾಯಶ್ಚಿತ್ತ.

ತಡ ಮಾಡಬಾರದು ಎಂದಿದ್ದರೂ ಟೀಚರಮ್ಮ ತಡ ಮಾಡಿದರು. ಒಂದು ತಿಂಗಳಾಯಿತು. ಮಗಳು ಗೌರಿಬಿದನೂರಿನಿಂದ ಫೋನಿನ ಮೇಲೆ ಫೋನು ಮಾಡಿದಳು. ಕೊನೆಗೆ ನಾನೇ ಅವರನ್ನು ಹಿತ್ತಿಲಿನಲ್ಲಿ ತಡೆದು ಕೇಳಿದೆ. ಅವರು ಒಳಗೆ ಹೊಸ್ತಿಲ ಮೇಲೆ ಕೂತಿದ್ದ ಅಜ್ಜಿಯ ಕಡೆ ನೋಡಿದರು.

"ನೋಡು, ಹೆಂಗೆ ಕೂತವ್ರೆ. ಏಳು ವರ್ಷ ಆಗಿತ್ತು ಆ ಜಾಗದಲ್ಲಿ ಕೂತು. ಆಪರೇಷನ್ ಆಗಿ ನನ್ನ ಹಳೇ ಗಂಟಲು ಬಂದ್ರೆ, ಆ ಯಮ್ಮ ಇನ್ನೊಂದ್ಸಲ ಮಗನ್ನ ಕಳ್ಕೊಳ್ತಾರೆ."

"ನೀವೇನಾದ್ರೂ ಮಗ ಅಂತ ಹೇಳಿದ್ರಾ?"

"ಇಲ್ಲಮ್ಮ. ಹೇಳಿಲ್ಲ, ಅಲ್ಲ ಅಂತಲೂ ಹೇಳಿಲ್ಲ. ಅದಕ್ಕೇ ಬಾಯೇ ಬಿಡಲ್ಲ ನಾನು. ಬರೀ ಕೆಮ್ತೀನಿ. ಕೆಮ್ಮಿದ್ರೆ ಊಟ ಮಾಡ್ತಾರೆ."

ಅವರನ್ನು ಮತ್ತೆ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಗಡ್ಡೆ ಹೋದರೆ ಗಡ್ಡದ ಕೂದಲು ಮೆಲ್ಲಗೆ ಕಮ್ಮಿಯಾಗುತ್ತದೆ, ಆದರೆ ಒಂದು ಸಲ ದಪ್ಪಗಾದ ಗಂಟಲಿನ ತಂತು ಹಿಂದಿನಂತಾಗುವುದು ಕಷ್ಟ, ದನಿ ಬಹುತೇಕ ಹೀಗೇ ಉಳಿಯುತ್ತದೆ ಎಂದು ಡಾಕ್ಟರಮ್ಮ ಸಂಕೋಚದಿಂದಲೇ ಹೇಳಿದರು. ಯಾವ ಹೆಂಗಸಿಗಾದರೂ ಸಿಡಿಲಿನಂಥ ಮಾತು ಅದು. ಟೀಚರಮ್ಮ ಉಸಿರು ಬಿಟ್ಟು, "ಹಂಗಾದ್ರೆ ತೆಗೆದುಬಿಡಿ" ಎಂದರು.

ಮಗಳ ಜೊತೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದರು. ಅಜ್ಜಿಯನ್ನು ನೋಡಿಕೊಳ್ಳಲು ನಾನು ಉಳಿದೆ. ಅಮ್ಮ ಬೇಡವೆಂದಳು, ಅಪ್ಪ ಬೈದರು. ನನ್ನ ರಿಪೋರ್ಟನ್ನು ಇಬ್ಬರ ಮುಂದೆಯೂ ಇಟ್ಟು ಹೋದೆ.

ಆಪರೇಷನ್ ದಿನ ಬೆಳಿಗ್ಗೆ ಹತ್ತು ಗಂಟೆ ಇದ್ದಿರಬೇಕು. ಅಜ್ಜಿಗೆ ರಾಗಿ ಅಂಬಲಿ ಕುಡಿಸುತ್ತಿದ್ದೆ. ಆಕೆ ಲೋಟ ತಳ್ಳಿ ತಲೆ ಎತ್ತಿದಳು.

"ಹಿತ್ಲಲ್ಲಿ ಕೆಮ್ಮಿದ."

ನನಗೂ ಕೇಳಿಸಿತ್ತು. ಎರಡು ಸಲ. ಟೀಚರಮ್ಮ ಆಗ ಅರವತ್ತು ಕಿಲೋಮೀಟರ್ ದೂರದಲ್ಲಿ, ಪ್ರಜ್ಞೆ ತಪ್ಪಿಸಿ ಮಲಗಿಸಿದ ಮೇಜಿನ ಮೇಲಿದ್ದರು. ಎದ್ದು ಹೋದೆ. ಹತ್ತಿರ ಹೋಗಿ ನೋಡಬೇಕು ಎಂದು ಕಲಿಸಿದವರ ಮನೆ ಅದು. ಹಿತ್ತಿಲಿನಲ್ಲಿ ಯಾರೂ ಇರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಯಾರೋ ಈಗಷ್ಟೇ ಮುಖ ತೊಳೆದು ಹೋದ ಹಾಗೆ ನೀರು ಚೆಲ್ಲಿತ್ತು. ಬೆಟ್ಟ ಹತ್ತಲು ಬಂದ ಬೆಂಗಳೂರಿನ ಹುಡುಗರು ಇಳಿಯುವಾಗ ನಮ್ಮ ಹಿತ್ತಿಲಿನ ದಾರಿಯಲ್ಲೇ ಹೋಗುತ್ತಾರೆ, ಕೇಳದೆ ನೀರೂ ಬಳಸುತ್ತಾರೆ. ಅವರೇ ಎಂದುಕೊಂಡೆ. ಅವರು ಬರುವುದು ಶನಿವಾರ, ಭಾನುವಾರ. ಅಂದು ಮಂಗಳವಾರ. ಒಳಗೆ ಬಂದಾಗ ಅಜ್ಜಿ, "ಹೋದ್ನಾ?" ಎಂದಳು. "ಹೂಂ, ಅಜ್ಜಿ" ಎಂದೆ. ಆಕೆ ಅಂಬಲಿ ಲೋಟಕ್ಕೆ ಕೈ ಚಾಚಿದಳು.

ಆ ನೀರಿನ ಬಗ್ಗೆ ಇವತ್ತಿಗೂ ನನ್ನ ಹತ್ತಿರ ಬೇರೆ ವಿವರಣೆ ಇಲ್ಲ.

ಗಡ್ಡೆ ನಿಂಬೆಹಣ್ಣಿನ ಗಾತ್ರವಿತ್ತಂತೆ. ಬೇರೆಲ್ಲೂ ಹರಡಿರಲಿಲ್ಲ. "ಆ ಶಾಸ್ತ್ರದವ್ನು ಹೊರಗಡೆ ನಾಲ್ಕಿಟ್ಟ. ಒಳಗಡೆ ಒಂದಿತ್ತು, ಅದು ಅವನಿಗೆ ಗೊತ್ತಾಗ್ಲಿಲ್ಲ ನೋಡು" ಎಂದು ಟೀಚರಮ್ಮ ಹೊಲಿಗೆ ಹಿಡಿದುಕೊಂಡು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರ ನಗು ಕೇಳಿದ್ದು. ದಪ್ಪ ನಗು.

ಕೆಲಸಕ್ಕೆ ಹಿಂತಿರುಗುವ ಮೊದಲು ಅವರು ಅಂಗನವಾಡಿಯಲ್ಲಿ ತಾಯಂದಿರ ಸಭೆ ಕರೆದರು. ಸೂಪರ್‌ವೈಸರೂ ಬಂದಿದ್ದರು. ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳದೆ ಎದ್ದು ನಿಂತರು. ಅವರು ಬಾಯಿ ತೆರೆದ ಕೂಡಲೇ ಚಾಪೆಯ ಮೇಲೆ ಕೂತಿದ್ದವರೆಲ್ಲ ಒಂದಿಷ್ಟು ಹಿಂದಕ್ಕೆ ಸರಿದರು. ಅವರು ನಿಲ್ಲಿಸಲಿಲ್ಲ. ಗಡ್ಡೆ, ಅಂಡಾಶಯ, ಆಪರೇಷನ್, ಒಂದನ್ನೂ ಬಿಡದೆ ಹೇಳಿದರು. ಕೊನೆಗೆ, "ಇದು ನನ್ನ ಗಂಟಲು. ನಮ್ಮನೆಯವ್ರದಲ್ಲ. ನಿಮ್ಮನ್ನ, ನಿಮ್ಮ ಮಕ್ಕಳನ್ನ ಎತ್ತಿ ಆಡ್ಸಿದ್ದು ಇದೇ ಮೈ. ಯಾರಿಗಾದ್ರೂ ಹಿಂಗೆ ಏನಾದ್ರೂ ಆಗ್ತಿದ್ರೆ ನನ್ನ ಹತ್ರ ಬನ್ನಿ. ಶಾಸ್ತ್ರದವನ ಹತ್ರ ಹೋಗ್ಬೇಡಿ" ಎಂದರು.

ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನಾನು, ನನಗೂ ಇದೆ ಎಂದೆ. ಅದು ನಾನೇ ಹೇಳಿದ್ದೋ ಎಂದು ನನಗೇ ಆಶ್ಚರ್ಯವಾಯಿತು. ನಮ್ಮಮ್ಮ ತಲೆ ತಗ್ಗಿಸಿದಳು. ಮರುವಾರದಿಂದ ಮಕ್ಕಳು ಬರತೊಡಗಿದವು. ಹೊಸ ದನಿಯಲ್ಲಿ ಅವರು ಹೇಳುವ ಕರಡಿಯ ಕಥೆಯೇ ಬೇಕೆಂದು ಹಟ ಹಿಡಿಯತೊಡಗಿದವು. ಆ ತಿಂಗಳ ಕೊನೆಗೆ ಇಬ್ಬರು ಹೆಂಗಸರು, ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಟೀಚರಮ್ಮನ ಹಿತ್ತಿಲ ಬಾಗಿಲಿಗೆ ಬಂದರು. ಗೂಡು ಕಿಟಕಿಗೆ ತುರುಕಿದ್ದ ಸೀರೆಯನ್ನು ಅಮ್ಮ ಒಂದು ದಿನ ಹೇಳದೆ ಕೇಳದೆ ಎಳೆದು ತೆಗೆದಳು. ಅದರಿಂದ ಮೊದಲು ಆಚೆ ಹೋದದ್ದು ಒಂದು ಬಟ್ಟಲು ಹುಳಿ.

ಅಜ್ಜಿ ಇನ್ನೂ ಎರಡು ವರ್ಷ ಬದುಕಿದಳು. ಕೊನೆಯ ದಿನ ಮಧ್ಯಾಹ್ನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಟೀಚರಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಕಾಲು ಒತ್ತುತ್ತಿದ್ದೆ. ಟೀಚರಮ್ಮ ಎಂದಿನಂತೆ ಎರಡು ಸಲ ಕೆಮ್ಮಿದರು. ಅಜ್ಜಿಯ ಕೈ ಮೇಲೆ ಬಂದು ಸೊಸೆಯ ಕೆನ್ನೆಯನ್ನು ತಡವಿತು.

"ನೀನೇ ಅಂತ ಗೊತ್ತು ಕಣೇ ನಂಗೆ" ಎಂದಳು ಅಜ್ಜಿ. "ಮೊದ್ಲಿಂದಾನೂ ಗೊತ್ತು. ಕಣ್ಣು ಹೋಗೈತೆ, ಬುದ್ಧಿ ಹೋಗಿಲ್ಲ. ಒಂದ್ಸಲ ಅವ್ವ ಅಂತ ಅನ್ನು. ಕೇಳ್ಕೊಂಡು ಹೋಗ್ತೀನಿ."

ಎರಡು ವರ್ಷ ಅತ್ತೆಯ ಮುಂದೆ ಬಿಗಿ ಹಿಡಿದಿದ್ದ ಬಾಯನ್ನು ಟೀಚರಮ್ಮ ಅಜ್ಜಿಯ ಕಿವಿಯ ಹತ್ತಿರ ತಂದು ಕರೆದರು. ಆ ಕರೆ ಕೇಳಿ ನಾನು ಬಾಗಿಲ ಕಡೆ ನೋಡಿದೆ. ನೋಡದೆ ಇರಲಾಗಲಿಲ್ಲ.

ನನ್ನ ಕಥೆ ಸಣ್ಣದು. ಮಾತ್ರೆ, ಬೆಳಿಗ್ಗೆ ಕೆರೆ ಏರಿಯ ಮೇಲೆ ಟೀಚರಮ್ಮನ ಜೊತೆ ಬಿರುಸಿನ ನಡಿಗೆ, ಊಟದಲ್ಲಿ ಹಿಡಿತ. ಮುಟ್ಟು ಸರಿಯಾಯಿತು. ಗದ್ದದ ಕೂದಲು ಪೂರ್ತಿ ಹೋಗಲಿಲ್ಲ, ಮುಚ್ಚಿಡುವುದು ಮಾತ್ರ ಹೋಯಿತು. ಮತ್ತೊಂದು ಗಂಡು ನೋಡೋಣ ಎಂದು ಮನೆಯಲ್ಲಿ ಮಾತು ಬಂದಾಗ ಟೀಚರಮ್ಮ ಅಪ್ಪನ ಮುಂದೆ ಕೂತು, "ಇವಳು ಲ್ಯಾಬ್ ಕೋರ್ಸ್ ಓದ್ತಾಳೆ. ಆಮೇಲೆ ಮದ್ವೆ" ಎಂದರು. ಆ ದನಿಗೆ ಎದುರಾಡಲು ಅಪ್ಪನಿಗೆ ಆಗಲಿಲ್ಲ. ಓದಿದೆ. ಚಿಕ್ಕಬಳ್ಳಾಪುರದ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಎಲ್ಲವನ್ನೂ ಕೇಳಿ ತಿಳಿದುಕೊಂಡವನೇ ನನ್ನನ್ನು ಮದುವೆಯಾದ. ಈಗ ಒಬ್ಬ ಮಗಳಿದ್ದಾಳೆ.

ಹೋದ ವರ್ಷ ಶ್ರಾವಣದಲ್ಲಿ ಟೀಚರಮ್ಮನಿಗೆ ಜ್ವರ ಬಿಡದೆ, ಒಸಡಿನಲ್ಲಿ ರಕ್ತ ಬರುತ್ತಿದೆ ಎಂದು ಅವರ ಮಗಳು ನಮ್ಮ ಲ್ಯಾಬ್ ಇರುವ ಆಸ್ಪತ್ರೆಗೇ ಸೇರಿಸಿದಳು. ಅವರ ರಕ್ತದ ಟ್ಯೂಬು ನನ್ನ ಮೇಜಿಗೇ ಬಂತು. ಹೆಸರು ಓದಿದೆ. ಟ್ಯೂಬು ಇನ್ನೂ ಬೆಚ್ಚಗಿತ್ತು. ಸ್ಲೈಡು ಮಾಡಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಅಲ್ಲಿ ಇರಬಾರದ ಜೀವಕೋಶಗಳು ಗುಂಪು ಗುಂಪಾಗಿ, ದೊಡ್ಡ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಇನ್ನೊಂದು ಸ್ಲೈಡು ಮಾಡಿದೆ. ಮತ್ತೊಂದು. ಮೂರರಲ್ಲೂ ಅವೇ. ನಮ್ಮ ಡಾಕ್ಟರೂ ನೋಡಿ ತಲೆಯಾಡಿಸಿದರು. ರಕ್ತದ ಕ್ಯಾನ್ಸರ್. ಆ ಹೊತ್ತಿನಲ್ಲಿ ಟೀಚರಮ್ಮ ವಾರ್ಡಿನಲ್ಲಿ ಕೂತು ಪಕ್ಕದ ಹಾಸಿಗೆಯವಳ ಮಗುವನ್ನು ಆಡಿಸುತ್ತಿದ್ದರು. ಅವರ ಮೈಯೊಳಗೆ ನಡೆಯುತ್ತಿದ್ದದ್ದು ಅವರಿಗಿಂತ ಮೊದಲು ನನಗೆ ಗೊತ್ತಾಗಿತ್ತು.

ಮಧ್ಯಾಹ್ನ ವಾರ್ಡಿಗೆ ಹೋದೆ. ದಾರಿಯಲ್ಲಿ ಸುಳ್ಳೊಂದನ್ನು ಜೋಡಿಸಿಕೊಂಡಿದ್ದೆ.

"ರಿಪೋರ್ಟು ಏನ್ ಬಂತಮ್ಮ?" ಎಂದರು.

ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಮಂಚದ ಕಬ್ಬಿಣದ ಪಟ್ಟಿ ಹಿಡಿದುಕೊಂಡು ಕೇಳಿಸಿಕೊಂಡರು.

"ನೀನೇ ಮಾಡಿದ್ದಾ ಟೆಸ್ಟು?"

"ಹೂಂ. ಮೂರು ಸಲ ಮಾಡ್ದೆ."

"ಹಂಗಾದ್ರೆ ನಿಜ."

ಕಿಟಕಿಯಾಚೆ ನಂದಿ ಬೆಟ್ಟದ ಮೇಲೆ ಮೋಡ ಇಳಿಯುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು. ಆಮೇಲೆ ಮೂರು ವಾರ ಮಾತ್ರ ಇದ್ದರು. ಆ ಮೂರು ವಾರದಲ್ಲಿ ಏನೇನು ಮಾತಾಡಿದೆವೋ ಮರೆತಿದೆ. ಆ ಮಧ್ಯಾಹ್ನ ಅವರು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದ್ದು ಮರೆತಿಲ್ಲ.

"ನಂಗೆ ಹೇಳೋಕೆ ನಿಂಗೆ ಎಷ್ಟು ಕಷ್ಟ ಆಯ್ತೋ ಏನೋ" ಎಂದರು. "ಊಟ ಮಾಡಿಲ್ಲ ಅಲ್ವಾ ನೀನು? ಮುಖ ನೋಡಿದ್ರೆ ಗೊತ್ತಾಗುತ್ತೆ. ಕೂತ್ಕೊ."

ಮಗಳು ತಂದಿಟ್ಟಿದ್ದ ಡಬ್ಬಿ ತೆರೆದರು. ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ನನ್ನ ಬಾಯಿಗಿಟ್ಟರು.